ಗಿಟಾರ್ ಎಫೆಕ್ಟ್ ಪ್ರಯೋಗಕ್ಕೊಂದು ಗಟ್ಟಿ ಹಲಗೆ

ಗಿಟಾರ್‌ನ ಸದ್ದನ್ನು ಹಿಗ್ಗಿಸುವ ಇಲ್ಲವೇ ಒರಟಾಗಿಸುವ ಬೂಸ್ಟರ್, ಫಜ್, ಡಿಸ್ಟಾರ್ಷನ್ ಮೊದಲಾದ ಪೆಡಲ್‌ಗಳಲ್ಲಿ ಹತ್ತು–ಹನ್ನೆರಡು ಬಿಡಿಭಾಗಗಳಲ್ಲೇ ಮುಗಿಯುವ ಸರ್ಕ್ಯೂಟ್‌ಗಳು ಹಲವಾರಿವೆ. ಆದರೂ ಬ್ರೆಡ್‌ಬೋರ್ಡ್ (ಬಿಡಿಭಾಗಗಳನ್ನು ಸೋಲ್ಡರ್ ಇಲ್ಲದೆ ಚುಚ್ಚಿ ಜೋಡಿಸುವ ತೂತುಗಳ ಫಲಕ) ಮೇಲೆ ಅವನ್ನು ಜೋಡಿಸಲು ಕುಳಿತವರು ಅರ್ಧಕ್ಕೇ ಕೈಬಿಡುತ್ತಾರೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಸರ್ಕ್ಯೂಟ್ ಅಲ್ಲ, ಅದರ ಸುತ್ತ ನೇತಾಡುವ ವೈರ್‌ಗಳು. ಕೇಬಲ್ ಚುಚ್ಚುವ ಜ್ಯಾಕ್‌ಗೆ ಕಚ್ಚಿಸಿದ ಕ್ಲಿಪ್ ಜಾರುತ್ತದೆ, ಪಾಟ್‌ನ (ತಿರುಗಿಸಿ ರೆಸಿಸ್ಟನ್ಸ್ ಬದಲಿಸುವ ಗುಂಡಿಯ) ಕಾಲು ತೂತಿನಲ್ಲಿ ನಿಲ್ಲುವುದಿಲ್ಲ, ಗಿಟಾರ್ ಕೇಬಲ್ ತುಸು ಎಳೆದರೂ ಬೋರ್ಡ್ ಮೇಜಿನಿಂದ ಉರುಳುತ್ತದೆ. ಯಾವ ಸರ್ಕ್ಯೂಟ್ ಕಟ್ಟಿದರೂ ಬದಲಾಗದೆ ಉಳಿಯುವ ಜ್ಯಾಕ್, ಪವರ್, ಸ್ವಿಚ್ ಮತ್ತು ಪಾಟ್‌ಗಳನ್ನು ಒಮ್ಮೆ ಸೋಲ್ಡರ್ ಮಾಡಿ ಬಿಗಿದುಬಿಟ್ಟು, ಬದಲಾಗುವ ಭಾಗಗಳಿಗಷ್ಟೇ ಬ್ರೆಡ್‌ಬೋರ್ಡ್ ಬಳಸುವಂತೆ ಈ ಹಲಗೆಯನ್ನು ರೂಪಿಸಬೇಕು.

ಬೇಕಾಗುವ ಸಾಮಾನುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತವೆ: 830 ತೂತುಗಳ ಒಂದು ಬ್ರೆಡ್‌ಬೋರ್ಡ್, ಕಾಲಿಂಚಿನ ಎರಡು ಮೋನೊ ಜ್ಯಾಕ್, ಮೂರು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವ ಒಂದು 3ಪಿಡಿಟಿ ಸ್ವಿಚ್, ನಾಲ್ಕು ಪಾಟ್, ಒಂದು ಡಿಸಿ ಜ್ಯಾಕ್, ಸ್ಕ್ರೂ ಟರ್ಮಿನಲ್ ಪಟ್ಟಿ ಮತ್ತು ಒಂದಿಷ್ಟು ಹುಕಪ್ ವೈರ್. ಪೆಡಲ್‌ಗಳಲ್ಲಿರುವಂತಹ ಕಾಲಿನಿಂದ ಒತ್ತುವ ಸ್ವಿಚ್ಚೇ ಆಗಬೇಕೆಂದಿಲ್ಲ. ಇಲ್ಲಿ ಕೈಯಲ್ಲೇ ಬದಲಿಸುವುದರಿಂದ ಟಾಗಲ್ ಆದರೂ ನಡೆಯುತ್ತದೆ.

ಸುಮಾರು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ 12 ಮಿ.ಮೀ. ಪ್ಲೈವುಡ್ ತುಂಡಿನ ಮುಂದಿನ ಅಂಚಿಗೆ ಎರಡಿಂಚಿನ ಅಲ್ಯುಮಿನಿಯಂ ಎಲ್-ಆ್ಯಂಗಲ್ ಒಂದನ್ನು ಸ್ಕ್ರೂ ಹಾಕಿ ನಿಲ್ಲಿಸಿ. ಮೊದಲು 3 ಮಿ.ಮೀ. ಬಿಟ್‌ನಲ್ಲಿ ಗುರುತಿನ ತೂತು ಕೊರೆದು, ಆಮೇಲೆ ಪಾಟ್‌ಗಳಿಗೆ 7 ಮಿ.ಮೀ., ಜ್ಯಾಕ್‌ಗಳಿಗೆ 10 ಮಿ.ಮೀ.ಗೆ ಹಿಗ್ಗಿಸಬೇಕು. ಪೆಡಲ್‌ಗಳಲ್ಲಿ ಇನ್‌ಪುಟ್ ಬಲಕ್ಕೆ, ಔಟ್‌ಪುಟ್ ಎಡಕ್ಕೆ ಇರುವುದು ರೂಢಿ. ಇಲ್ಲಿ ಆ ರೂಢಿಯನ್ನು ಬಿಟ್ಟು ಇನ್‌ಪುಟ್ ಅನ್ನು ಎಡಕ್ಕಿಡುವುದೇ ಲೇಸು: ಸರ್ಕ್ಯೂಟ್ ನಕ್ಷೆಗಳನ್ನು ಎಡದಿಂದ ಬಲಕ್ಕೆ ಬರೆಯುವುದರಿಂದ, ನಕ್ಷೆಯನ್ನೂ ಬೋರ್ಡನ್ನೂ ಹೋಲಿಸಿ ನೋಡುವಾಗ ತಲೆ ಕೆಡುವುದಿಲ್ಲ.

ಪವರ್ ಭಾಗಕ್ಕೆ ಹೆಚ್ಚಿನ ಗಮನ ಬೇಕು. ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವಿನ ತುದಿ ನೆಗೆಟಿವ್, ಹೊರಗಿನ ಬಳೆ ಪಾಸಿಟಿವ್. ಲೋಹದ ಮೈಯಿರುವ ಡಿಸಿ ಜ್ಯಾಕನ್ನು ಆ್ಯಂಗಲ್‌ಗೆ ಬಿಗಿದರೆ ಆ ಪಾಸಿಟಿವ್ ನೇರವಾಗಿ ಗ್ರೌಂಡ್ ಆಗಿರುವ ಅಲ್ಯುಮಿನಿಯಂಗೆ ತಾಗಿ ಶಾರ್ಟ್ ಆಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಮೈಯಿರುವ ಜ್ಯಾಕನ್ನೇ ಕೇಳಿ ಕೊಳ್ಳಬೇಕು. ಇತರ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಪೊಲ್ಯಾರಿಟಿ ಇದಕ್ಕೆ ತದ್ವಿರುದ್ಧವಾಗಿರಬಹುದು. ಮಲ್ಟಿಮೀಟರ್‌ನಿಂದ ಪರೀಕ್ಷಿಸದೆ ಯಾವ ಅಡಾಪ್ಟರನ್ನೂ ಚುಚ್ಚಬೇಡಿ. ಆಕಸ್ಮಿಕವಾಗಿ ತಿರುಗುಮುರುಗಾದರೂ ಸರ್ಕ್ಯೂಟ್ ಸುಡದಂತೆ ಪಾಸಿಟಿವ್ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಹಾಕಿ. ಅದು ನುಂಗುವುದು ಸುಮಾರು 0.3 ವೋಲ್ಟ್ ಮಾತ್ರ. ಡಯೋಡ್‌ನ ನಂತರ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಅಡಾಪ್ಟರ್‌ನ ಗುಂಯ್‌ಗುಡುವಿಕೆ ತಗ್ಗುತ್ತದೆ. ಟಿಎಲ್072ನಂತಹ ಆಪ್-ಆ್ಯಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಬಳಸುವ ಸರ್ಕ್ಯೂಟ್‌ಗಳಿಗೆ ಅರ್ಧ ವೋಲ್ಟೇಜ್ ಬೇಕಾಗುವುದರಿಂದ, 10 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಸರಣಿಯಲ್ಲಿ ಜೋಡಿಸಿ, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್ ಕೊಟ್ಟು, ಅದನ್ನೂ ಟರ್ಮಿನಲ್ ಪಟ್ಟಿಗೆ ತಂದಿಡಿ. ಇನ್ನೊಂದು ವಿಷಯ: ಕೆಲವು ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪವರ್ ಸಾಲು ನಡುವೆ ತುಂಡಾಗಿರುತ್ತದೆ. ಮಲ್ಟಿಮೀಟರ್‌ನಿಂದ ಕಂಟಿನ್ಯುಯಿಟಿ (ಸಾಲಿನುದ್ದಕ್ಕೂ ಸಂಪರ್ಕವಿದೆಯೇ ಎಂದು) ನೋಡಿ, ಅಗತ್ಯವಿದ್ದರೆ ವೈರ್‌ನಿಂದ ಸೇರಿಸಿ.

3ಪಿಡಿಟಿ ಸ್ವಿಚ್‌ನಲ್ಲಿ ಮೂರು ಪೋಲ್‌ಗಳು, ಪ್ರತಿಯೊಂದಕ್ಕೂ ಮೂರು ಕಾಲುಗಳು. ಮೊದಲನೆಯ ಪೋಲ್‌ನ ನಡುಗಾಲಿಗೆ ಇನ್‌ಪುಟ್ ಜ್ಯಾಕ್‌ನ ಟಿಪ್ (ಸಿಗ್ನಲ್‌ನ ಕಾಲು), ಎರಡನೆಯದರ ನಡುಗಾಲಿಗೆ ಔಟ್‌ಪುಟ್ ಜ್ಯಾಕ್‌ನ ಟಿಪ್, ಮೂರನೆಯದರ ನಡುಗಾಲಿಗೆ ಗ್ರೌಂಡ್ ಕೊಡಿ. ಒಂದು ಬದಿಯಲ್ಲಿ ಮೊದಲೆರಡು ಪೋಲ್‌ಗಳ ಕಾಲುಗಳನ್ನು ಒಂದಕ್ಕೊಂದು ಸೇರಿಸಿದರೆ ಅದು ಬೈಪಾಸ್, ಅಂದರೆ ಸಿಗ್ನಲ್ ಸರ್ಕ್ಯೂಟನ್ನು ಹೊಗದೆ ನೇರ ಸಾಗುವ ದಾರಿ. ಇನ್ನೊಂದು ಬದಿಯ ಕಾಲುಗಳು ಕ್ರಮವಾಗಿ (ಮೊದಲೆರಡು ಟರ್ಮಿನಲ್ ಪಟ್ಟಿಯ ಮೂಲಕ) ಸರ್ಕ್ಯೂಟ್‌ನ ಇನ್‌ಪುಟ್, ಔಟ್‌ಪುಟ್ ಮತ್ತು ಎಲ್‌ಇಡಿಯ ಕ್ಯಾಥೋಡ್‌ಗೆ ಹೋಗುತ್ತವೆ; ಎಲ್‌ಇಡಿಯ ಆನೋಡ್ 4.7 ಕಿಲೋಓಮ್ ಮೂಲಕ ಪಾಸಿಟಿವ್‌ಗೆ. ಸ್ವಿಚ್ ಒತ್ತಿದಾಗ ‘ಟಪ್’ ಎನ್ನದಿರಲು ಸರ್ಕ್ಯೂಟ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್ ಸಾಕು.

ಪಾಟ್‌ಗಳಲ್ಲಿ ಲಾಗ್ 100ಕೆ (ಕೆ ಎಂದರೆ ಕಿಲೋಓಮ್), ಲೀನಿಯರ್ 10ಕೆ, 100ಕೆ, 500ಕೆ ಇದ್ದರೆ ಬಹಳಷ್ಟು ಸರ್ಕ್ಯೂಟ್‌ಗಳಿಗೆ ಸಾಕಾಗುತ್ತದೆ. ಅವುಗಳ ಮೂರೂ ಕಾಲುಗಳನ್ನು ಬಹುಎಳೆಯ ವೈರ್‌ನಿಂದ ಟರ್ಮಿನಲ್ ಪಟ್ಟಿಗೆ ತಂದು, ಅಲ್ಲಿಂದ ಬ್ರೆಡ್‌ಬೋರ್ಡ್‌ಗೆ ಒಂಟಿ ಎಳೆಯ ವೈರ್ ಬಳಸಿ, ಪ್ರತಿ ಸ್ಕ್ರೂ ಪಕ್ಕದಲ್ಲೂ ಪಾಟ್‌ನ ಓಮ್ ಮೌಲ್ಯವನ್ನು ಬರೆದಿಡಿ.

ಹಲಗೆಯನ್ನು ಪರೀಕ್ಷಿಸಲು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಎಲ್‌ಪಿಬಿ-1 ಬೂಸ್ಟರ್‌ಗಿಂತ ಒಳ್ಳೆಯ ಸರ್ಕ್ಯೂಟ್ ಸಿಗಲಾರದು. ಅದರಲ್ಲಿರುವುದು ಒಂದೇ ಟ್ರಾನ್ಸಿಸ್ಟರ್. ಇನ್‌ಪುಟ್‌ನಿಂದ ಬೇಸ್‌ಗೆ 0.1 ಮೈಕ್ರೋಫ್ಯಾರಡ್, ಬೇಸ್‌ನಿಂದ ಪಾಸಿಟಿವ್‌ಗೆ 430ಕೆ, ಗ್ರೌಂಡ್‌ಗೆ 43ಕೆ, ಕಲೆಕ್ಟರ್‌ನಿಂದ ಪಾಸಿಟಿವ್‌ಗೆ 10ಕೆ, ಎಮಿಟರ್‌ನಿಂದ ಗ್ರೌಂಡ್‌ಗೆ 390 ಓಮ್, ಕಲೆಕ್ಟರ್‌ನಿಂದ ಇನ್ನೊಂದು 0.1 ಮೂಲಕ 100ಕೆ ಪಾಟ್‌ನ ಒಂದು ತುದಿಗೆ. ಪಾಟ್‌ನ ಇನ್ನೊಂದು ತುದಿ ಗ್ರೌಂಡ್‌ಗೆ, ನಡುಗಾಲು ಔಟ್‌ಪುಟ್‌ಗೆ. 430ಕೆ ಮತ್ತು 43ಕೆ ಸಿಗದಿದ್ದರೆ 470ಕೆ ಮತ್ತು 47ಕೆ ಹಾಕಿ, ಅನುಪಾತ ಅದೇ. ಟ್ರಾನ್ಸಿಸ್ಟರ್‌ಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಬಿಸಿ547 ಆಗುತ್ತದೆ, ಆದರೆ ವಿದೇಶಿ ನಕ್ಷೆಗಳಲ್ಲಿ ಕಾಣುವ 2ಎನ್5088ಕ್ಕೆ ಹೋಲಿಸಿದರೆ ಅದರ ಕಲೆಕ್ಟರ್ ಮತ್ತು ಎಮಿಟರ್ ಕಾಲುಗಳು ಅದಲುಬದಲು. ಗಿಟಾರ್ ಚುಚ್ಚುವ ಮೊದಲು ಕಲೆಕ್ಟರ್‌ನ ವೋಲ್ಟೇಜ್ ಅಳೆಯಿರಿ. 4ರಿಂದ 5 ವೋಲ್ಟ್ ಆಸುಪಾಸಿನಲ್ಲಿದ್ದರೆ ಜೋಡಣೆ ಸರಿಯಿದೆ ಎಂದು ಭಾವಿಸಬಹುದು. ಆ್ಯಂಪ್‌ನ ವಾಲ್ಯೂಮ್ ತಗ್ಗಿಸಿಯೇ ಇರಲಿ, ಈ ಪುಟ್ಟ ಸರ್ಕ್ಯೂಟ್ ಸಿಗ್ನಲನ್ನು ಇಪ್ಪತ್ತು ಪಟ್ಟಿಗೂ ಮೀರಿ ಹಿಗ್ಗಿಸುತ್ತದೆ.

ಪ್ರಯೋಗದ ಸೊಗಸು ಇಲ್ಲಿಂದ ಮುಂದೆ. ಇನ್‌ಪುಟ್‌ನ 0.1 ತೆಗೆದು 0.01 ಇಟ್ಟು ನೋಡಿ: 82 ಹರ್ಟ್ಸ್‌ನ ದಪ್ಪ ತಂತಿಯ ಸದ್ದು ತೆಳುವಾಗಿ, ಮೇಲಿನ ಸ್ಥಾಯಿಯ ತಂತಿಗಳು ಚುರುಕಾಗಿ ಕೇಳುತ್ತವೆ. ಔಟ್‌ಪುಟ್ ಕೆಪಾಸಿಟರ್‌ನ ನಂತರ, ಪಾಟ್‌ಗೆ ಮೊದಲು, ಎರಡು 1ಎನ್4148 ಡಯೋಡ್‌ಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಗ್ರೌಂಡ್‌ಗೆ ಸೇರಿಸಿದರೆ ಬೂಸ್ಟರ್ ಡಿಸ್ಟಾರ್ಷನ್ ಆಗುತ್ತದೆ. ಅವುಗಳ ಜಾಗದಲ್ಲಿ ಕೆಂಪು ಎಲ್‌ಇಡಿಗಳನ್ನಿಟ್ಟರೆ ಸದ್ದು ಜೋರಾಗಿ, ಒರಟುತನ ಕಡಿಮೆಯಾಗುತ್ತದೆ. ಪ್ರತಿ ಬದಲಾವಣೆಗೂ ಮುನ್ನ ಅಡಾಪ್ಟರ್ ಕಳಚುವುದನ್ನು ಮರೆಯಬಾರದು.

ಸದ್ದೇ ಬಾರದಿದ್ದಾಗ ನೆರವಿಗೆ ಬರುವುದು ಆಡಿಯೊ ಪ್ರೋಬ್. ಟರ್ಮಿನಲ್ ಪಟ್ಟಿಯ ಔಟ್‌ಪುಟ್ ಸ್ಕ್ರೂನಿಂದ ಸರ್ಕ್ಯೂಟ್‌ನ ವೈರನ್ನು ಬಿಡಿಸಿ, ಅಲ್ಲಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು ಅದರ ತುದಿಗೆ ಸೋಲ್ಡರ್ ಮಾಡಿದ ಉದ್ದನೆಯ ವೈರನ್ನು ಸಿಕ್ಕಿಸಿ. ಇನ್ನೊಬ್ಬರು ಗಿಟಾರ್ ಮೀಟುತ್ತಿರಲು ಆ ವೈರ್‌ನ ತುದಿಯನ್ನು ಇನ್‌ಪುಟ್‌ನಿಂದ ಶುರುಮಾಡಿ ಒಂದೊಂದೇ ಬಿಂದುವಿಗೆ ಮುಟ್ಟಿಸುತ್ತ ಸಾಗಿ. ಕೊನೆಯದಾಗಿ ಸದ್ದು ಕೇಳಿದ ಬಿಂದು ಮತ್ತು ಮೊದಲು ಮೌನವಾದ ಬಿಂದುವಿನ ನಡುವೆಯೇ ತಪ್ಪನ್ನು ಹುಡುಕಬೇಕು.