ಬುಧವಾರ ರಾತ್ರಿ ಒಂಬತ್ತಕ್ಕೆ ಒಂದು ಫೋನು

ಜಗಳೂರು ಕಡೆಯ ಹಳ್ಳಿಯಲ್ಲಿ ನಾನು ಫಿಸಿಯೋಥೆರಪಿ ಶುರು ಮಾಡಿದಾಗ ಜನ ನನ್ನನ್ನು 'ಕರೆಂಟ್ ಕೊಡೋ ಡಾಕ್ಟ್ರು' ಅಂತಿದ್ದರು. ಮಷೀನ್ ಹಚ್ಚದೆ ಬರೀ ವ್ಯಾಯಾಮ ಹೇಳಿಕೊಟ್ಟರೆ ದುಡ್ಡು ಕೊಡೋಕೆ ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಅದು ಹೋಗಲಿ. ಕಷ್ಟ ಆಗಿದ್ದು ಬೇರೆ. ಕಾಲೇಜಲ್ಲಿ ಡೌಟ್ ಬಂದರೆ ಪಕ್ಕದ ಟೇಬಲ್ಲಿಗೆ ಹೋಗಿ 'ಮೇಡಂ, ಈ ಭುಜ ಒಂದ್ಸಲ ನೋಡಿ' ಅನ್ನಬಹುದಿತ್ತು. ಇಲ್ಲಿ ನನ್ನ ಪಕ್ಕ ಇದ್ದದ್ದು ಗೊಬ್ಬರದ ಅಂಗಡಿ.

ಐವತ್ತರ ಆಸುಪಾಸಿನ ಯಜಮಾನರೊಬ್ಬರು ಬೆನ್ನು, ಕುತ್ತಿಗೆ ಬಿಗಿ ಅಂತ ಬಂದರು. ಹಿಂದೆ ಯಾರಾದರೂ ಕೂಗಿದರೆ ಕುತ್ತಿಗೆ ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಸವೆತ ಇರಬೇಕು ಅಂದುಕೊಂಡು ಎರಡು ವಾರ ಶಾಖ ಕೊಟ್ಟೆ, ವ್ಯಾಯಾಮ ಮಾಡಿಸಿದೆ. ಏನೂ ಆಗಲಿಲ್ಲ. ನಾಳೆ ಕುತ್ತಿಗೆಗೆ ಟ್ರ್ಯಾಕ್ಷನ್ ಹಾಕೋಣ, ಅಂದರೆ ಕುತ್ತಿಗೆಯನ್ನು ಎಳೆದು ಹಿಡಿಯೋಣ ಅಂತಿದ್ದೆ. ಯಾಕೋ ಧೈರ್ಯ ಸಾಲದೆ, ನಾಚಿಕೆ ಬಿಟ್ಟು ದಾವಣಗೆರೆಯಲ್ಲಿರುವ ನನ್ನ ಸೀನಿಯರ್ ಅಕ್ಕನಿಗೆ ಫೋನ್ ಮಾಡಿದೆ.

ಅವರು ಕೇಳಿದ ಮೊದಲ ಪ್ರಶ್ನೆ, 'ಅವರು ಕುಡಿಯೋ ನೀರು ಎಲ್ಲಿಂದೋ?'

ಬೋರ್‌ವೆಲ್. ಹುಟ್ಟಿದಾಗಿಂದ ಅದೇ ಊರು.

'ಮೂರು ಮಾಡಿಸು. ಮಂಡಿ ಮಡಚದೆ ಕಾಲ್ಬೆರಳು ಮುಟ್ಟಲಿ. ಗದ್ದ ಎದೆಗೆ ತಾಗಿಸಲಿ. ಕೈ ಅಗಲ ಚಾಚಿ, ಮಡಚಿ ತಲೆ ಹಿಂಭಾಗ ಹಿಡಿಯಲಿ.'

ಮಾರನೇ ದಿನ ಮಾಡಿಸಿದೆ. ಮೂರರಲ್ಲಿ ಒಂದೂ ಆಗಲಿಲ್ಲ.

ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್ ಮೈಗೆ ಜಾಸ್ತಿಯಾಗಿ ಮೂಳೆ, ಕೀಲು ಬಿಗಿಯಾಗೋ ಕಾಯಿಲೆ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅದೂ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಈ ಸೀಮೆಯಲ್ಲಿ ಕೂತು! ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯೇ ಆಗುತ್ತೆ. ಎಕ್ಸ್‌ರೇಗೆ ಡಾಕ್ಟರ ಹತ್ತಿರ ಕಳಿಸಿದೆ, ಅದೇ ಅಂತಾಯ್ತು. ಗಟ್ಟಿಯಾದ ಬೆನ್ನನ್ನು ಎಳೆದು ಸರಿ ಮಾಡೋಕೆ ಆಗಲ್ಲ. ನೀರು ಬದಲಿಸಿ, ಉಳಿದಿರುವ ಓಡಾಟ ಉಳಿಸಿಕೊಳ್ಳಬೇಕು, ಅಷ್ಟೇ. ಅಂಥ ಕುತ್ತಿಗೆಗೆ ಟ್ರ್ಯಾಕ್ಷನ್ ಹಾಕಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತೆ.

ಆಮೇಲೆ ಇದನ್ನೇ ರೂಢಿ ಮಾಡಿಕೊಂಡೆವು. ಅಕ್ಕ, ನಾನು, ಹೊಳಲ್ಕೆರೆ ಮತ್ತು ಮೊಳಕಾಲ್ಮೂರಿನ ಇಬ್ಬರು ಫಿಸಿಯೋ, ಒಬ್ಬ ಲ್ಯಾಬ್ ಟೆಕ್ನಿಷಿಯನ್. ಬುಧವಾರ ರಾತ್ರಿ ಒಂಬತ್ತಕ್ಕೆ ಫೋನು. ಪೇಷೆಂಟ್ ಹೆಸರು ಹೇಳುವಂತಿಲ್ಲ, ಮುಖದ ಫೋಟೋ ಇಲ್ಲ. ವಾಸಿ ಮಾಡಿದ ಕೇಸ್ ಬೇಡ, ತಿಳಿಯದ ಕೇಸ್ ತರಬೇಕು. ಶುರುವಿನಲ್ಲಿ ಎಲ್ಲರೂ ಸುಮ್ನೆ ಜಂಭ ಕೊಚ್ಚುತ್ತಿದ್ದೆವು (ನಾನೇ ಜಾಸ್ತಿ), ಅಕ್ಕ ತಮ್ಮದೇ ಒಂದು ತಪ್ಪು ಹೇಳಿಕೊಂಡ ಮೇಲೆ ಬಾಯಿ ಬಿಟ್ಟೆವು. ಫ್ಲೋರೈಡ್ ಪರೀಕ್ಷೆಗೆ ನೀರನ್ನು ಗಾಜಿನ ಬಾಟಲಿಯಲ್ಲಲ್ಲ, ಪ್ಲಾಸ್ಟಿಕ್ಕಿನಲ್ಲಿ ತರಬೇಕು ಅಂತ ಲ್ಯಾಬ್ ಹುಡುಗ ಹೇಳಿದ್ದು ಇಂಥದೊಂದು ರಾತ್ರಿ.

2021ರಲ್ಲಿ ಫಿಸಿಯೋ, ಲ್ಯಾಬ್ ಟೆಕ್ನಿಷಿಯನ್ ಅಂಥ ನಮ್ಮ ವೃತ್ತಿಗಳಿಗೂ ಕೇಂದ್ರದ ಒಂದು ಕಾಯ್ದೆ ಬಂತು, ಒಳ್ಳೆಯದೇ. ಆದರೆ ಕೈಯ ಒತ್ತಡ ಎಷ್ಟಿರಬೇಕು ಅನ್ನೋದು ಕಾಯ್ದೆಯಲ್ಲಿ ಇರಲ್ಲ, ಫೋನಲ್ಲೂ ಬರಲ್ಲ ಅಲ್ವಾ? ಅದಕ್ಕೇ ಮೂರು ತಿಂಗಳಿಗೊಮ್ಮೆ ಭಾನುವಾರ ದಾವಣಗೆರೆಯಲ್ಲಿ ಸೇರಿ ಒಬ್ಬರ ಮೇಲೊಬ್ಬರು ಪ್ರಾಕ್ಟೀಸ್ ಮಾಡುತ್ತೇವೆ, ಆಮೇಲೆ ಮಂಡಕ್ಕಿ ಮಿರ್ಚಿ.

ಕಳೆದ ಬುಧವಾರ ಮೊಳಕಾಲ್ಮೂರಿನವನು ಸೀರೆ ನೇಯುವವರೊಬ್ಬರ ಸೊಂಟನೋವು ತಂದಿದ್ದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಹೇಗೆ ಕೂರುತ್ತಾರೆ ಅಂತ ಅಕ್ಕ ಕೇಳಿದರು. ನಮ್ಮಲ್ಲಿ ಯಾರೂ ಸರಿಯಾಗಿ ನೋಡಿರಲಿಲ್ಲ. ಈ ಸಲದ ಭಾನುವಾರ ದಾವಣಗೆರೆ ಬಿಟ್ಟು ಮೊಳಕಾಲ್ಮೂರಿಗೆ ಹೊರಟಿದ್ದೇವೆ.