ಕೀಮೋ ಜೊತೆ ಕರ್ಕ್ಯುಮಿನ್: ನನ್ನ ಪ್ಲೇಟುಗಳು ಹೇಳಿದ್ದು

ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಗಿಡಮೂಲದ ವಸ್ತು ಮತ್ತು ಕೀಮೋ ಔಷಧಿ ಎರಡನ್ನೂ ಕೂಡಿಸಿ ಹಾಕಿದ ಮೊದಲ ಪ್ಲೇಟ್ (ಕೋಶ ಬೆಳೆಸುವ, ಸಣ್ಣ ಸಣ್ಣ ಗುಳಿಗಳಿರುವ ತಟ್ಟೆ) ಇನ್ನೂ ನನ್ನ ಕಣ್ಣ ಮುಂದಿದೆ. ಡಾಕ್ಸೊರುಬಿಸಿನ್ ಒಂದನ್ನೇ ಹಾಕಿದ ಗುಳಿಗಳು ಪೇಲವವಾಗಿದ್ದವು. ಅಂದರೆ ಅಲ್ಲಿ ಹೆಚ್ಚಿನ ಕೋಶಗಳು ಸತ್ತಿದ್ದವು. ಈರುಳ್ಳಿಯಂಥವುಗಳಲ್ಲಿರುವ ಕ್ವೆರ್ಸೆಟಿನ್ ಎಂಬ ವಸ್ತು ಕೂಡಿಸಿದ ಗುಳಿಗಳು ಮಾತ್ರ ಗಾಢ ನೇರಳೆ. ಎಂಟಿಟಿ ಎಂಬ ಹಳದಿ ವಸ್ತು ಹಾಕಿ ಮಾಡುವ ಈ ಪರೀಕ್ಷೆಯಲ್ಲಿ ನೇರಳೆ ಬಣ್ಣ ಬಂದರೆ ಕೋಶ ಬದುಕಿದೆ ಅಂತ ಅರ್ಥ. ಕೊಲ್ಲಲು ನೆರವಾಗಲಿ ಎಂದು ಹಾಕಿದ ವಸ್ತು ಕ್ಯಾನ್ಸರ್ ಕೋಶವನ್ನೇ ಕಾಪಾಡಿತೇ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಈ ಕೆಲಸಕ್ಕೆ ಕೈ ಹಾಕಿದ ಕಾರಣ ಸರಳ. ಡಾಕ್ಸೊರುಬಿಸಿನ್ ಸ್ತನ ಕ್ಯಾನ್ಸರ್‌ಗೆ ಬಲವಾದ ಔಷಧಿ. ಆದರೆ ಅದು ಹೃದಯಕ್ಕೆ ಪೆಟ್ಟು ಕೊಡುತ್ತದೆ. ಅದಕ್ಕೇ ಜೀವಮಾನದ ಒಟ್ಟು ಡೋಸ್ ಅನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಸುಮಾರು 450ರಿಂದ 550 ಮಿಲಿಗ್ರಾಂ ಒಳಗೆ ನಿಲ್ಲಿಸುತ್ತಾರೆ. ಜೊತೆಗೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ನಂಥ ಇನ್ನೊಂದು ವಸ್ತು ಇದ್ದು, ಅರ್ಧ ಡೋಸಿನಲ್ಲೇ ಅದೇ ಕೆಲಸ ಆದರೆ ಎಷ್ಟೊಂದು ಹೃದಯಗಳು ಉಳಿಯುತ್ತವೆ, ಅಲ್ವಾ? ಆ ಆಸೆ ನನಗೆ ಈಗಲೂ ಇದೆ.

ಗಿಡ ಬೇರೆ, ಕೀಮೋ ಬೇರೆ ಅನ್ನುವುದೂ ಸರಿಯಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಸಿಕ್ಕಿದ್ದೇ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಸ್ತನ ಕ್ಯಾನ್ಸರ್‌ಗೆ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ನಡುವೆ 23 ವರ್ಷ ಶುದ್ಧ ಮಾಡಿದರು, ಅಳೆದರು, ಡೋಸ್ ಹುಡುಕಿದರು. ತೊಗಟೆಯನ್ನು ಔಷಧಿ ಮಾಡಿದ್ದು ಆ ವರ್ಷಗಳೇ.

ಮತ್ತೆ ಪ್ಲೇಟಿನ ವಿಷಯಕ್ಕೆ ಬರುತ್ತೇನೆ. ಮರುದಿನ ಬೆಳಗ್ಗೆ ಕೋಶಗಳೇ ಇಲ್ಲದ ಒಂದು ಪ್ಲೇಟ್ ತಯಾರು ಮಾಡಿದೆ. ಬರೀ ಪೋಷಕ ದ್ರಾವಣ, ಕ್ವೆರ್ಸೆಟಿನ್ ಮತ್ತು ಎಂಟಿಟಿ. ಸ್ವಲ್ಪ ಹೊತ್ತಿಗೆ ಅದೂ ನೇರಳೆಯಾಯಿತು! ಹಳದಿ ಎಂಟಿಟಿಯನ್ನು ನೇರಳೆ ಮಾಡುವುದು ಬದುಕಿರುವ ಕೋಶದ ಕೆಲಸ ಅಂತ ನಾವು ನಂಬಿರುತ್ತೇವೆ. ಕ್ವೆರ್ಸೆಟಿನ್ ಕೋಶದ ಸಹಾಯ ಇಲ್ಲದೆ, ತಾನೇ ಆ ಕೆಲಸ ಮಾಡಿಬಿಡುತ್ತದೆ. ಗಿಡಮೂಲದ ಇನ್ನೂ ಹಲವು ವಸ್ತುಗಳಿಗೆ ಈ ಗುಣ ಇದೆ. ಅಲ್ಲಿಂದ ಮುಂದೆ ನಾನು ಎರಡು ನಿಯಮ ಬಿಟ್ಟಿಲ್ಲ. ಕೋಶವಿಲ್ಲದ ಪ್ಲೇಟ್ ಯಾವಾಗಲೂ ಜೊತೆಗಿರಬೇಕು. ಬಣ್ಣದ ಫಲಿತಾಂಶವನ್ನು ಇನ್ನೊಂದು ವಿಧಾನದಿಂದ ನೋಡದೆ ನಂಬಬಾರದು. ನಾನು ಹಿಡಿದಿದ್ದು ಎಸ್‌ಆರ್‌ಬಿ ವಿಧಾನ. ಅದು ಕೋಶದ ಪ್ರೋಟೀನಿಗೆ ಬಣ್ಣ ಹಚ್ಚುತ್ತದೆ. ವಸ್ತುವನ್ನು ತೊಳೆದು ತೆಗೆದ ಮೇಲೆ ಅಳೆಯುವುದರಿಂದ ಈ ಮೋಸ ಆಗುವುದಿಲ್ಲ.

ಕರ್ಕ್ಯುಮಿನ್ ಕಲಿಸಿದ ಪಾಠ ಬೇರೆ. ಬೆಳಗ್ಗೆ ಅದನ್ನು ಸೀರಮ್ (ರಕ್ತದ ತಿಳಿ ಭಾಗ) ಇಲ್ಲದ ದ್ರಾವಣದಲ್ಲಿ ಬೆರೆಸಿಟ್ಟು ಮಧ್ಯಾಹ್ನ ಕೋಶಗಳಿಗೆ ಹಾಕುತ್ತಿದ್ದೆ. ವಾರಕ್ಕೊಂದು ಥರ ಫಲಿತಾಂಶ ಬರುತ್ತಿತ್ತು. ಕೋಶ ಕೆಟ್ಟಿದೆಯೋ, ಇನ್ಕ್ಯುಬೇಟರ್ ಕೆಟ್ಟಿದೆಯೋ ಅಂತ ತಿಂಗಳುಗಟ್ಟಲೆ ಹುಡುಕಿದೆ. ಕೆಡುತ್ತಿದ್ದದ್ದು ಕರ್ಕ್ಯುಮಿನ್. ಪಿಎಚ್ 7.2, 37 ಡಿಗ್ರಿ, ಸೀರಮ್ ಇಲ್ಲ ಅಂದರೆ ಅದರ ಸುಮಾರು ಶೇ. 90 ಭಾಗ ಅರ್ಧ ಗಂಟೆಯಲ್ಲಿ ಒಡೆದುಹೋಗುತ್ತದೆ. ಬೆಂಚಿನ ಮೇಲೆ ಸ್ವಲ್ಪ ನಿಧಾನ ಅಷ್ಟೇ. ನಾನು ಕೋಶಗಳಿಗೆ ಕೊಡುತ್ತಿದ್ದದ್ದು ಬಹುಪಾಲು ಅದರ ಚೂರುಗಳನ್ನು. ಈಗ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಬೆಳಕು ಬೀಳದಂತೆ ಫಾಯಿಲ್ ಸುತ್ತಿ ಫ್ರೀಜರ್‌ನಲ್ಲಿ ಇಡುತ್ತೇನೆ. ಸೀರಮ್ ಇರುವ ದ್ರಾವಣಕ್ಕೆ ಹಾಕುವುದು ಕೊನೆಯ ನಿಮಿಷದಲ್ಲಿ. ಗುಳಿಯಲ್ಲಿ ಡಿಎಂಎಸ್‌ಒ ಶೇ. 0.1 ದಾಟಲು ಬಿಡುವುದಿಲ್ಲ. ಇಷ್ಟು ಮಾಡಿದ ಮೇಲೆ ವಾರದಿಂದ ವಾರಕ್ಕೆ ಫಲಿತಾಂಶ ಕೂಡಿಬಂತು.

ಕೋಶಗಳ ಆಯ್ಕೆಯಲ್ಲೂ ಎಡವಿದ್ದೇನೆ. ಲ್ಯಾಬಿನಲ್ಲಿ ಬೆಳೆಸುವ ಸ್ತನ ಕ್ಯಾನ್ಸರ್ ಕೋಶಗಳ ಪೈಕಿ ಎಂಸಿಎಫ್-7ರಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಿ ಇದೆ, ಎಂಡಿಎ-ಎಂಬಿ-231 ಟ್ರಿಪಲ್ ನೆಗೆಟಿವ್, ಅಂದರೆ ಅದರಲ್ಲಿ ಈ ಗ್ರಾಹಿಯೂ ಸೇರಿ ಮೂರು ಮುಖ್ಯ ಗ್ರಾಹಿಗಳಿಲ್ಲ. ಎರಡೂ ಬೇಕು. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೇ ಇರಬಹುದು. ಸೋಯಾದ ಜೆನಿಸ್ಟೀನ್ ಕಡಿಮೆ ಪ್ರಮಾಣದಲ್ಲಿ ಎಂಸಿಎಫ್-7 ಕೋಶಗಳನ್ನು ಬೆಳೆಸುತ್ತದೆ, ಜಾಸ್ತಿ ಆದರೆ ತಡೆಯುತ್ತದೆ. ಇನ್ನೊಂದು ಮಾತು: ಕೋಶ ಸಾಯುವಾಗ ಕೆಲಸ ಮಾಡುವ ಕ್ಯಾಸ್ಪೇಸ್-3 ಎಂಬ ಪ್ರೋಟೀನ್ ಎಂಸಿಎಫ್-7ರಲ್ಲಿ ಇರುವುದೇ ಇಲ್ಲ. ಅದು ಗೊತ್ತಿಲ್ಲದೆ ಅದರ ಗೆರೆ ಬರಲಿ ಅಂತ ನಾನು ಮೂರು ವಾರ ಜೆಲ್ (ಪ್ರೋಟೀನುಗಳನ್ನು ಗೆರೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಓಡಿಸಿದ್ದೇನೆ. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲೇ ತಿಳಿದಿರಲಿ.

ಇಷ್ಟಾದ ಮೇಲೆಯೇ ನಿಜವಾದ ಪ್ರಯೋಗ. ಒಂದು ದಿಕ್ಕಿಗೆ ಡಾಕ್ಸೊರುಬಿಸಿನ್‌ನ ಆರು ಡೋಸ್, ಇನ್ನೊಂದು ದಿಕ್ಕಿಗೆ ಕರ್ಕ್ಯುಮಿನ್‌ನ ಆರು ಡೋಸ್. ಚದುರಂಗದ ಹಾಸಿನ ಹಾಗೆ 36 ಜೋಡಿ. ಪ್ಲೇಟಿನ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ, ಅಲ್ಲಿ ಕೋಶ ಹಾಕುವುದಿಲ್ಲ. 72 ಗಂಟೆ ಬಿಟ್ಟು ಅಳೆದೆ. ಲೆಕ್ಕಕ್ಕೆ ಚೌ ಮತ್ತು ತಲಾಲೆ ಎಂಬ ವಿಜ್ಞಾನಿಗಳು 1984ರಲ್ಲಿ ಕೊಟ್ಟ ವಿಧಾನ. ಸಿಗುವ ಅಂಕಿ 1 ಇದ್ದರೆ ಎರಡರ ಕೆಲಸ ಸುಮ್ನೆ ಕೂಡಿದೆ. 1ಕ್ಕಿಂತ ಕಡಿಮೆ ಅಂದರೆ ಒಂದಕ್ಕೊಂದು ಬಲ ಕೊಟ್ಟಿವೆ. ಜಾಸ್ತಿ ಅಂದರೆ ಒಂದನ್ನೊಂದು ತಡೆದಿವೆ.

20 ಮೈಕ್ರೋಮೋಲಾರ್ (ದ್ರಾವಣ ಎಷ್ಟು ಗಾಢ ಅನ್ನುವ ಅಳತೆ) ಕರ್ಕ್ಯುಮಿನ್ ಇದ್ದ ಸಾಲುಗಳಲ್ಲಿ ಅಂಕಿ 1ಕ್ಕಿಂತ ಚೆನ್ನಾಗಿ ಕೆಳಗೆ ಬಂತು. ತುಂಬಾ ಖುಷಿಯಾಯಿತು. ಆದರೆ ಕ್ಯಾನ್ಸರ್ ಅಲ್ಲದ ಎಂಸಿಎಫ್-10ಎ ಕೋಶಗಳ ಮೇಲೆ ಅದನ್ನೇ ಮಾಡಿದಾಗ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಸಾವು. ಕ್ಯಾನ್ಸರ್ ಕೋಶಕ್ಕೂ ಒಳ್ಳೆಯ ಕೋಶಕ್ಕೂ ಸಮಾನವಾಗಿ ಪೆಟ್ಟು ಕೊಡುವ ಜೋಡಿಯನ್ನು ಚಿಕಿತ್ಸೆ ಅಂತ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇನ್ನೂ ಗಂಭೀರವಾದದ್ದು ಕಡಿಮೆ ಡೋಸಿನ ಸಾಲು. ಮೊದಲು ಕರ್ಕ್ಯುಮಿನ್ ಕೊಟ್ಟು, ಆಮೇಲೆ ಡಾಕ್ಸೊರುಬಿಸಿನ್ ಹಾಕಿದಾಗ ಎಂಸಿಎಫ್-7 ಕೋಶಗಳು ಕಡಿಮೆ ಸತ್ತವು. ಈ ಸಲ ಬಣ್ಣದ ಮೋಸ ಅಲ್ಲ, ಎಸ್‌ಆರ್‌ಬಿಯಲ್ಲೂ ಅದೇ ಉತ್ತರ. 2002ರಲ್ಲೇ ಬೇರೊಂದು ತಂಡ ಇದನ್ನು ಪ್ರಕಟಿಸಿತ್ತು. ಡಾಕ್ಸೊರುಬಿಸಿನ್‌ನಂಥ ಔಷಧಿಗಳು ಕೋಶದೊಳಗೆ ಆಕ್ಸಿಡೀಕರಣದ ಒತ್ತಡ ಎಬ್ಬಿಸಿಯೂ ಕೊಲ್ಲುತ್ತವೆ. ಕರ್ಕ್ಯುಮಿನ್ ಆ ಒತ್ತಡವನ್ನು ತಣಿಸುತ್ತದೆ. ಆಂಟಿಆಕ್ಸಿಡೆಂಟ್ ಅಂತ ನಾವು ಹೊಗಳುವ ಗುಣವೇ ಇಲ್ಲಿ ಕ್ಯಾನ್ಸರ್ ಕೋಶದ ಕಡೆ ನಿಂತಿತು.

ಈಗ ಡೋಸಿನ ಲೆಕ್ಕ ನೋಡಿ. ಒಂದು ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಸಿಕ್ಕಿದ್ದು ಸರಾಸರಿ 2 ಮೈಕ್ರೋಮೋಲಾರ್‌ಗಿಂತ ಕಡಿಮೆ. ಪ್ಲೇಟಿನಲ್ಲಿ ಬಲ ಕೊಟ್ಟ 20 ಎಲ್ಲಿ, ಇದೆಲ್ಲಿ? ನುಂಗಿದರೆ ನಾವು ತಲುಪುವುದು ನನ್ನ ಪ್ಲೇಟಿನ ಕಡಿಮೆ ಡೋಸಿನ ಸಾಲನ್ನೇ. ಹಾಗಂತ ದಾರಿ ಮುಚ್ಚಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 150 ಮಹಿಳೆಯರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕರ್ಕ್ಯುಮಿನ್ ಅಥವಾ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮದ್ದು) ಕೊಟ್ಟರು. ಕರ್ಕ್ಯುಮಿನ್ ಪಡೆದವರಲ್ಲಿ ಶೇ. 51 ಮಂದಿಯ ಗೆಡ್ಡೆ ಕುಗ್ಗಿತು, ಉಳಿದವರಲ್ಲಿ ಶೇ. 33. ಆದರೆ ಅದನ್ನು ಕೊಟ್ಟಿದ್ದು ರಕ್ತನಾಳಕ್ಕೆ, ವಾರಕ್ಕೊಮ್ಮೆ, ಅಳೆದು, ವೈದ್ಯರ ಕಣ್ಣೆದುರು. ಇಂಥ ಪ್ರಯೋಗಗಳು ಇನ್ನೂ ದೊಡ್ಡದಾಗಿ ನಡೆಯಬೇಕು. ನಾನೀಗ ಡಾಕ್ಸೊರುಬಿಸಿನ್ ಬದಲು ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಪ್ಲೇಟ್ ಹಾಕುತ್ತಿರುವುದೂ ಇದಕ್ಕೇ.

ಮೊನ್ನೆ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದಳು: "ಅಮ್ಮನಿಗೆ ಡೋಸೆಟ್ಯಾಕ್ಸೆಲ್ ನಡೀತಿದೆ. ಈ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಬಹುದಾ? ಗಿಡದ್ದೇ ಅಲ್ವಾ?" ಬಾಟಲಿಯನ್ನು ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಪೈಪರಿನ್ ಅಂತ ಇತ್ತು. ಕರ್ಕ್ಯುಮಿನ್ ರಕ್ತಕ್ಕೆ ಜಾಸ್ತಿ ಸೇರಲಿ ಎಂದು ಕರಿಮೆಣಸಿನ ಈ ವಸ್ತುವನ್ನು ಬೆರೆಸುತ್ತಾರೆ. ಅಮ್ಮನ ಕೀಮೋ ಔಷಧಿ ಡೋಸೆಟ್ಯಾಕ್ಸೆಲ್ ಅನ್ನು ಒಡೆದು ಹೊರಹಾಕುವುದು ಲಿವರ್‌ನ ಸಿವೈಪಿ3ಎ4 ಎಂಬ ಎಂಜೈಮ್. ಪೈಪರಿನ್ ಅದೇ ಎಂಜೈಮನ್ನು ತಡೆಯಬಲ್ಲದು. ಆಗ ಕೀಮೋ ಔಷಧಿ ರಕ್ತದಲ್ಲಿ ಲೆಕ್ಕಕ್ಕಿಂತ ಹೆಚ್ಚು ಉಳಿದು ವಿಷವಾಗಬಹುದು. ಇದಕ್ಕೆ ಉಲ್ಟಾ ಕೂಡ ಉಂಟು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ ಅದೇ ಎಂಜೈಮನ್ನು ಹೆಚ್ಚಿಸಿ, ಇರಿನೊಟೆಕ್ಯಾನ್ ಎಂಬ ಕೀಮೋ ಔಷಧಿಯ ಕೆಲಸ ಮಾಡುವ ರೂಪವನ್ನು ರಕ್ತದಲ್ಲಿ ಶೇ. 42ರಷ್ಟು ಇಳಿಸಿದ್ದು ದಾಖಲಾಗಿದೆ.

ಇದನ್ನೆಲ್ಲ ಅವಳಿಗೆ ನಿಧಾನವಾಗಿ ಹೇಳಿದೆ. ನಾನು ವೈದ್ಯ ಅಲ್ಲ, ಅಮ್ಮನ ರಕ್ತಪರೀಕ್ಷೆ ನೋಡಿರುವವರು ಅವರ ಕ್ಯಾನ್ಸರ್ ವೈದ್ಯರು, ಅವರಿಗೆ ತೋರಿಸದೆ ಒಂದು ಕ್ಯಾಪ್ಸೂಲೂ ಬೇಡ ಅಂದೆ. ಅವಳು ಲೇಬಲ್ಲಿನ ಫೋಟೋ ತೆಗೆದುಕೊಂಡಳು. "ಗುರುವಾರ ಮುಂದಿನ ಕೀಮೋ ಇದೆ. ಸೂಜಿ ಹಾಕೋ ಮೊದಲೇ ಡಾಕ್ಟರ್‌ಗೆ ತೋರಿಸ್ತೀನಿ" ಅಂತ ಹೇಳಿ, ಬಾಟಲಿಯನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡಳು.