ರೆಸಿನ್ ಕಲಸುವಾಗ ಪುಡಿ ಕೊನೆಗೆ

ಮರದ ಟ್ರೇಯ ಒಳಮೂಲೆಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಗುಂಡಗೆ ಮಾಡುವುದನ್ನು ಈಗಿನ ಹುಡುಗಿಯರು ಮನೆಯಲ್ಲೇ ಮಾಡುತ್ತಾರೆ, ಸಂತೋಷ. ಆದರೆ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್, ದಪ್ಪ ಮಾಡುವ ಪುಡಿ ಮೂರನ್ನೂ ಒಂದೇ ಲೋಟಕ್ಕೆ ಸುರಿದು ಗರಗರ ತಿರುಗಿಸುವುದು ಕಂಡರೆ ನನಗೆ ಮೈಯುರಿಯುತ್ತದೆ. ಆಮೇಲೆ "ಆಂಟಿ, ಅಂಟಂಟಾಗೇ ಇದೆ" ಅಂತ ಬರುತ್ತೀರಿ. ಇನ್ನೇನಾಗಬೇಕಿತ್ತು?

ಪುಡಿಗೆ ಕಣ್ಣಳತೆ ಸಾಕು, ಹಾರ್ಡನರ್‌ಗೆ ಸಾಲದು. ಬಾಟಲಿಯ ಮೇಲಿರುವ ಪ್ರಮಾಣ ತೂಕದ್ದೋ ಗಾತ್ರದ್ದೋ ಓದಿಕೊಳ್ಳಿ. ನಮ್ಮ ಯಜಮಾನರು ಅರಾಲ್ಡೈಟ್ ಎಪಾಕ್ಸಿ ಅಂಟಿನ ಎರಡು ಟ್ಯೂಬಿನಿಂದ ಗಾಜಿನ ಚೂರಿನ ಮೇಲೆ ಸಮ ಉದ್ದದ ಗೆರೆ ಎಳೆದು, ಬೆಂಕಿಕಡ್ಡಿಯಲ್ಲಿ ಕಲಸುತ್ತಾ ಕೂತರೆ ಯಾರು ಕರೆದರೂ ತಲೆ ಎತ್ತುತ್ತಿರಲಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದಿರೋ, ಮೆತ್ತಗೇ ಉಳಿಯುತ್ತದೆ.

ಲೋಟ ಬದಲಿಸುವುದನ್ನು ಮಾತ್ರ ನಾನು ಎಂದೂ ಬಿಟ್ಟಿಲ್ಲ. ಮೊದಲ ಲೋಟದಲ್ಲಿ ನಿಧಾನವಾಗಿ, ತಳ ಮತ್ತು ಗೋಡೆ ಕೆರೆದು ಕೆರೆದು ಕಲಸಿ. ಹೊಗೆಯಂಥ ಎಳೆಗಳು ಮಾಯವಾದ ಮೇಲೆ ಅದನ್ನು ಒಣಗಿದ ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ್ದನ್ನು ಬಳಿಯಬೇಡಿ, ಸರಿಯಾಗಿ ಬೆರೆಯದೆ ಉಳಿದದ್ದು ಅದೇ. ಗುಳ್ಳೆ ಮೇಲೆ ಬರಲು ಒಂದು ಗಳಿಗೆ ಬಿಡಿ. ಈಗ ಫ್ಯಾನ್ ಆರಿಸಿ, ಮಾಸ್ಕ್ ಕಟ್ಟಿ, ಆ ದಪ್ಪ ಮಾಡುವ ಪುಡಿಯ, ಅಂದರೆ ಫ್ಯೂಮ್ಡ್ ಸಿಲಿಕಾದ ಡಬ್ಬಿ ತೆರೆಯಿರಿ. ಅದು ಉಸಿರಿಗೇ ಹಾರುವ ಪುಡಿ. ಒಂದೊಂದೇ ಚಮಚ ಮೇಲೆ ಉದುರಿಸಿ, ಅಡಿಯಿಂದ ಮಡಿಸುತ್ತಾ ಸೇರಿಸಿ. ಬೀಸಿ ಕಲಸಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ದಪ್ಪಗಾದ ಮೇಲೆ ಹೊರಗೆ ಬರುವುದಿಲ್ಲ. ಕಡ್ಡಿ ಎತ್ತಿದರೆ ಜಾರಬಾರದು, ಹೊಸ ಬೆಣ್ಣೆಯ ಹದ. ಮೈದಾ, ಮರದ ಹೊಟ್ಟು ಬೇಡ, ಆರಪಾರ ಕಾಣುವುದಿಲ್ಲ. ಸಿಲಿಕಾ ಹಾಕಿದ್ದೂ ದಪ್ಪಗೆ ತುಂಬಿದರೆ ತುಸು ಮಬ್ಬೇ, ತೆಳ್ಳಗಿದ್ದರೆ ಗೊತ್ತಾಗದು.

ಮೂಲೆ ಮೊದಲೇ ಒರೆಸಿರಬೇಕು. ಒರೆಸುವ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿ ಒಗೆದಿರಬಾರದು, ಜಿಡ್ಡು ಬಿಡುತ್ತದೆ. ಮೂಲೆಯ ಎರಡು ಬದಿಗೂ ಟೇಪ್ ಅಂಟಿಸಿ, ಕೈಗವಸು ಹಾಕಿಕೊಂಡು, ಚಮಚದ ಬೆನ್ನಿನಿಂದ ಒಂದೇ ಎಳೆತಕ್ಕೆ ಎಳೆಯಿರಿ. ಮತ್ತೆ ಮತ್ತೆ ತಿದ್ದಬೇಡಿ. ರೆಸಿನ್ ಗಟ್ಟಿಯಾಗುವ ಮೊದಲೇ ಟೇಪ್ ಕೀಳಿ. ಆ ಚಮಚ ಇನ್ನು ಅಡುಗೆಮನೆಗೆ ಬರಕೂಡದು. ಲೋಟದಲ್ಲಿ ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ, ಗುಪ್ಪೆಯಾಗಿದ್ದರೆ ಹೊಗೆ ಬರುವಷ್ಟು ಕಾಯುತ್ತದೆ. ಹಳೇ ತಗಡಿನ ಮೇಲೆ ತೆಳ್ಳಗೆ ಹರಡಿ, ಹಿತ್ತಲ ಕಲ್ಲಿನ ಮೇಲಿಡಿ.